ಕಟ್ಟಿ ಎನ್ನುವವರಿಲ್ಲದ ಮದುವೆ

ಅಪಾಯದಿಂದ ಪಾರಾಗಿ ಬಂದವನ ಮಾತನ್ನು ಜನ ನಂಬಬೇಕಾದರೆ ಮೈಮೇಲೆ ಒಂದು ಗಾಯವಾದರೂ ಇರಬೇಕು. ನನಗೆ ತೋರಿಸಲು ಅಂಥದ್ದೇನೂ ಇಲ್ಲ. ಆದರೆ ಈಗಲೂ ಎಲ್ಲಾದರೂ ಡೋಲಿನ ಸದ್ದು ಜೋರಾದರೆ ಸಾಕು, ಪಕ್ಕದಲ್ಲಿ ಯಾರಿದ್ದಾರೋ ಅವರ ತೋಳು ಹಿಡಿದುಕೊಳ್ಳುತ್ತೇನೆ. ಮೊನ್ನೆ ಅರಸೀಕೆರೆ ಬಸ್ ನಿಲ್ದಾಣದ ಮುಂದೆ ಯಾರದೋ ಮದುವೆಯ ಮೆರವಣಿಗೆ ಹಾದುಹೋದಾಗ ನನ್ನ ಕೈಗೆ ಸಿಕ್ಕಿದ್ದು ಒಬ್ಬ ಕಂಡಕ್ಟರನ ತೋಳು. "ಹುಷಾರಿಲ್ವಾ ಸಾರ್? ಆಕ್ಸಿಡೆಂಟ್ ಏನಾರ ಆಗಿತ್ತಾ?" ಎಂದು ಆತ ಕರುಣೆಯಿಂದ ಕೇಳಿದ. "ಹೂಂ ಕಣಪ್ಪ, ಬೇಲೂರಲ್ಲಿ" ಎಂದೆ. "ಬಸ್ಸಾ, ಕಾರಾ?" ಎಂದ. "ಮದುವೆ" ಎಂದೆ. ಆತ ನನ್ನ ಬೆನ್ನು ತಟ್ಟಿ, "ನಂದೂ ಆಗೈತೆ ಬಿಡಿ ಸಾರ್, ಏನ್ಮಾಡಕಾಯ್ತದೆ" ಎಂದು ಸೀಟಿ ಊದಿಕೊಂಡು ಹೊರಟುಹೋದ.

ಆತ ತಪ್ಪು ತಿಳಿದುಕೊಂಡ. ನಾನು ಹೇಳಿದ್ದು ನನ್ನ ಅಕ್ಕ ಗಿರಿಜಕ್ಕನ ಮಗಳು ಚೈತ್ರಳ ಮದುವೆಯ ವಿಷಯ. ಹುಡುಗಿ ಒಡವೆ ಕೇಳಲಿಲ್ಲ, ಸೀರೆಗೆ ಹಟ ಮಾಡಲಿಲ್ಲ. ಅವಳಿಗಿದ್ದದ್ದು ಒಂದೇ ಆಸೆ: ಮದುವೆಯ ವಿಡಿಯೋ ಡಾಕ್ಯುಮೆಂಟರಿ ಶೈಲಿಯಲ್ಲಿ ಇರಬೇಕು. ನಮ್ಮ ಭಾವ ನಂಜುಂಡಪ್ಪನವರು ಜಾವಗಲ್ಲಿನ ಕೊಬ್ಬರಿ ವ್ಯಾಪಾರಿ. ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಕೊಬ್ಬರಿಯ ಹಣೆಬರಹ ಹೇಳಬಲ್ಲವರು. ಡಾಕ್ಯುಮೆಂಟರಿಯನ್ನು ಹಾಗೆ ಅಲ್ಲಾಡಿಸಿ ನೋಡುವುದು ಹೇಗೆಂದು ತಿಳಿಯದೆ, "ನೀವು ಓದಿದೋರು, ಇದೇನಂತ ನೋಡಿ ಹೇಳಿ ಮೇಷ್ಟ್ರೇ" ಎಂದು ನನ್ನ ತಲೆಗೆ ಕಟ್ಟಿದರು. ನಾನು ಅರಸೀಕೆರೆಯ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವನು. ಓದಿದವನು ಎಂದು ಯಾರಾದರೂ ಅಂದರೆ ಸಾಕು, ಗೊತ್ತಿಲ್ಲದ ವಿಷಯದಲ್ಲಿ ನನಗೆ ಕೂಡಲೇ ಒಂದು ಅಭಿಪ್ರಾಯ ಹುಟ್ಟಿಬಿಡುತ್ತದೆ.

ವಿಡಿಯೋ ತೆಗೆಯಲು ಚೈತ್ರ ಗೊತ್ತುಮಾಡಿದ ಪ್ರೀತಂ ನನ್ನ ಹಳೆಯ ವಿದ್ಯಾರ್ಥಿಯೇ. ಬೆಂಗಳೂರಿನಲ್ಲಿ ದೊಡ್ಡ ದೊಡ್ಡ ಮದುವೆಗಳನ್ನು ಈ ಶೈಲಿಯಲ್ಲಿ ತೆಗೆದು ಹೆಸರು ಮಾಡಿದ್ದ. ಜಾವಗಲ್ಲಿಗೆ ಬಂದು ಲ್ಯಾಪ್‌ಟಾಪಿನಲ್ಲಿ ಒಂದು ಮದುವೆಯ ವಿಡಿಯೋ ತೋರಿಸಿದ. ಅದರಲ್ಲಿ ಒಬ್ಬ ಅಜ್ಜಿ ಛತ್ರದ ಬಾಗಿಲಲ್ಲಿ ತನ್ನ ಚಪ್ಪಲಿ ಹುಡುಕುತ್ತಾಳೆ. ಹುಡುಕುತ್ತಲೇ ಇರುತ್ತಾಳೆ. ಆಮೇಲೆ ಒಂದು ಬಾಳೆಲೆ ಗಾಳಿಗೆ ಮಗುಚಿಕೊಳ್ಳುತ್ತದೆ. ಯಾರೋ ಆಕಳಿಸುತ್ತಾರೆ. ಹಿಂದೆ ಒಂಟಿ ಪಿಟೀಲು ಅಳುತ್ತಿರುತ್ತದೆ. ಭಾವ ಕನ್ನಡಕ ಏರಿಸಿ ಇಳಿಸಿ ನೋಡಿ, "ಇದ್ರಲ್ಲಿ ಹೆಣ್ಣೆಲ್ಲೈತಪ್ಪ?" ಎಂದರು. "ಅಲ್ಲಿ ಕಂಬದ ಹಿಂದೆ ಒಂದು ಕೈ ಕಾಣ್ತಿದೆಯಲ್ಲ ಅಂಕಲ್, ಅದೇ ಮದುಮಗಳು" ಎಂದ ಪ್ರೀತಂ. ಭಾವ ನನ್ನತ್ತ ತಿರುಗಿದರು. ನನ್ನ ಕಣ್ಣಲ್ಲಿ ನೀರಿತ್ತು. ಚಪ್ಪಲಿ ಸಿಗದ ಆ ಅಜ್ಜಿ ನನ್ನನ್ನು ಅಷ್ಟು ಕಲಕಿಬಿಟ್ಟಿದ್ದಳು. "ಭಾವ, ಇದು ಸತ್ಯ" ಎಂದೆ. ಅಲ್ಲಿಗೆ ಮಾತು ಮುಗಿಯಿತು. ಪ್ರೀತಂ ತನ್ನ ಷರತ್ತು ಹೇಳಿದ: ಯಾರೂ ಕ್ಯಾಮೆರಾ ಕಡೆ ನೋಡಬಾರದು, ತಾನೂ ಯಾರಿಗೂ ನಿಲ್ಲಿ, ಕೂತ್ಕೊಳ್ಳಿ ಎನ್ನುವುದಿಲ್ಲ. "ನಾನು ಅಲ್ಲಿ ಇಲ್ಲವೇ ಇಲ್ಲ ಅಂದ್ಕೊಳ್ಳಿ ಸಾರ್. ಏನು ನಡೆಯುತ್ತೋ ಅದು ನಡೀಲಿ." ಎಷ್ಟು ಘನವಾದ ಮಾತು ಎಂದು ನಾನು ತಲೆದೂಗಿದೆ.

ಇಲ್ಲಿ ನಮ್ಮ ಕಡೆಯ ಮದುವೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಮದುವೆ ಮಾಡಿಸುವವರು ಅಯ್ಯನವರು ಎಂಬುದು ಹೆಸರಿಗೆ ಮಾತ್ರ. ನಿಜವಾಗಿ ಮಾಡಿಸುವವನು ಫೋಟೋಗ್ರಾಫರ್. ಹಾರ ಯಾವಾಗ ಹಾಕಬೇಕು, ಯಾವಾಗ ತಲೆ ತಗ್ಗಿಸಬೇಕು, ಯಾವ ಅತ್ತೆ ಎಷ್ಟು ಹಿಂದೆ ಸರಿಯಬೇಕು ಎಲ್ಲವೂ ಅವನ ಬಾಯಿಂದಲೇ ಬರಬೇಕು. ನನ್ನ ಮದುವೆಯಲ್ಲಿ ಧಾರೆಯ ಹಾಲು ನಮ್ಮ ಕೈ ಮೇಲೆ ಬೀಳದೆ ಮಾವನವರ ಪಂಚೆಯ ಮೇಲೆ ಬಿತ್ತು. ಏಕೆಂದರೆ "ಇಲ್ಲಿ ನೋಡಿ" ಎಂದ ಕಡೆಗೆ ಎರಡೂ ಮನೆತನದವರು ಒಮ್ಮೆಲೇ ತಿರುಗಿದ್ದೆವು. ಆಲ್ಬಮ್ಮಿನಲ್ಲಿ ನನ್ನ ಹೆಂಡತಿ ಸುಧಾ ಅರಳಿದ ಕಮಲದಿಂದ ಎದ್ದು ಬರುತ್ತಿದ್ದಾಳೆ, ನಾನು ಒಂದು ಗಾಜಿನ ಲೋಟದೊಳಗೆ ಕುತ್ತಿಗೆವರೆಗೆ ಮುಳುಗಿದ್ದೇನೆ. "ಇಡೀ ಆಲ್ಬಮ್ಮಲ್ಲಿ ಅದೊಂದು ಫೋಟೋ ಮಾತ್ರ ನಿಜ ಹೇಳುತ್ತೆ ಕಣ್ರೀ" ಎಂದು ಸುಧಾ ಆಗಾಗ ಅನ್ನುತ್ತಾಳೆ. ತಾಳಿ ಕಟ್ಟುವುದಂತೂ ಪೂರ್ತಿ ಅವನ ಅಧೀನ. ಅಯ್ಯನವರು ಮಂತ್ರ ಮುಗಿಸಿ ಅವನ ಮುಖ ನೋಡುತ್ತಾರೆ. ಅವನು ಕ್ಯಾಮೆರಾ ಸರಿಮಾಡಿಕೊಂಡು, "ಹೂಂ, ಕಟ್ಟಿ" ಎನ್ನುತ್ತಾನೆ. ಒಂದು ಗಂಟು ಬೀಳುತ್ತದೆ. "ಹಂಗೇ ಇರಿ, ಇಲ್ಲಿ ನೋಡಿ" ಎನ್ನುತ್ತಾನೆ. ಆಮೇಲೆ ಎರಡನೆಯದು. ಇಷ್ಟು ಕಾಲ ಇದನ್ನು ನೋಡಿ ನೋಡಿ, ಕಟ್ಟಿ ಎಂಬುದನ್ನೂ ನಮ್ಮ ಜನ ಮಂತ್ರದ ಕೊನೆಯ ಶಬ್ದವೆಂದೇ ತಿಳಿದುಬಿಟ್ಟಿದ್ದರು. ನನಗೆ ಇದು ಹೊಳೆಯುವ ಹೊತ್ತಿಗೆ ತಡವಾಗಿತ್ತು.

ಮುನ್ಸೂಚನೆ ಇರಲಿಲ್ಲವೆಂದಲ್ಲ. ಮದುವೆಗೆ ಮೊದಲು ಹುಡುಗ ಹುಡುಗಿಯ ವಿಡಿಯೋಗೆಂದು ಪ್ರೀತಂ ಇಬ್ಬರನ್ನೂ ಹಳೇಬೀಡಿಗೆ ಕರೆದೊಯ್ದಿದ್ದ. ಬೇರೆ ಜೋಡಿಗಳೆಲ್ಲ ಅಲ್ಲಿನ ಹುಲ್ಲುಹಾಸಿನ ಮೇಲೆ ಬೇಲೂರಿನ ಶಿಲಾಬಾಲಿಕೆಯರಿಗೆ ಪೈಪೋಟಿ ಕೊಡುವಂತೆ ಸೊಂಟ ಬಳುಕಿಸಿ ನಿಂತಿದ್ದರೆ, ಇವನು ಮಾತ್ರ "ನೀವು ದಿನಾ ಹೇಗಿರ್ತೀರೋ ಹಾಗೇ ಇರಿ" ಎಂದನಂತೆ. ಗೆಂಡೆಹಳ್ಳಿಯ ಹುಡುಗ ಲೋಕೇಶ, ನಮ್ಮ ಚೈತ್ರ, ಇಬ್ಬರೂ ಪಕ್ಕಪಕ್ಕ ಕೂತು ಸಂಜೆಯವರೆಗೆ ತಂತಮ್ಮ ಮೊಬೈಲು ನೋಡಿಕೊಂಡು ಎದ್ದು ಬಂದರು. ಪ್ರೀತಂ ಅಷ್ಟನ್ನೂ ಚಿತ್ರೀಕರಿಸಿ, "ಅದ್ಭುತ" ಎಂದ.

ಮದುವೆ ಬೇಲೂರಿನ ಒಂದು ಛತ್ರದಲ್ಲಿ, ಶುಕ್ರವಾರ ಬೆಳಿಗ್ಗೆ. ಮೊಬೈಲ್ ಹಿಡಿದ ಕೈಗಳು ಅಡ್ಡ ಬಂದರೆ ಸತ್ಯ ಕೆಡುತ್ತದೆ ಎಂದು ಪ್ರೀತಂ ಹೇಳಿದ್ದನ್ನು ಭಾವ ಅಕ್ಷರಶಃ ಪಾಲಿಸಿದ್ದರು. ಬಾಗಿಲಲ್ಲಿ ಮಂಡಿಯ ಇಬ್ಬರು ದಾಂಡಿಗ ಹಮಾಲಿಗಳು ನಿಂತು, ಬಂದವರ ಮೊಬೈಲುಗಳನ್ನೆಲ್ಲ ಕೊಬ್ಬರಿ ಚೀಲಕ್ಕೆ ತುಂಬಿಸಿಕೊಳ್ಳುತ್ತಿದ್ದರು. ಚೀಲ ಅಲ್ಲಿಂದಲೇ ಬಗೆಬಗೆಯ ರಾಗಗಳಲ್ಲಿ ಹಾಡುತ್ತಿತ್ತು. ನನ್ನದೂ ಅದರೊಳಗೇ ಇತ್ತು. ಪ್ರೀತಂ ಕಪ್ಪು ಅಂಗಿ ತೊಟ್ಟು ಕಂಬದಿಂದ ಕಂಬಕ್ಕೆ ಜಾರುತ್ತಿದ್ದ. ಅವನು ಇಲ್ಲವೆಂದೇ ತಿಳಿಯಬೇಕು ಎಂಬುದನ್ನು ಗಿರಿಜಕ್ಕ ಎಷ್ಟು ಶ್ರದ್ಧೆಯಿಂದ ನಡೆಸಿದಳೆಂದರೆ, ಅವನಿಗೆ ತಿಂಡಿಯನ್ನೇ ಹಾಕಿಸಲಿಲ್ಲ. ಕೇಳಿದರೆ ಶೈಲಿ ಕೆಡುತ್ತದೆಂದು ಅವನೂ ಕೇಳಲಿಲ್ಲ. ಪಾಪ, ಬೇರೆಯವರ ಉಪ್ಪಿಟ್ಟನ್ನು ಬಹಳ ಹತ್ತಿರದಿಂದ ಚಿತ್ರೀಕರಿಸುತ್ತಿದ್ದ.

ಗಂಡಿನ ಕಡೆಯ ಹಿರಿಯರು ಲೋಕೇಶನ ತಾತ ಸಿದ್ದಪ್ಪಜ್ಜ. ಅವರು ಮಂಟಪದ ಎದುರಿಗೇ ಕುರ್ಚಿ ಹಾಕಿಸಿಕೊಂಡು, ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು ಕೂತಿದ್ದರು. ಶುಕ್ರವಾರ ಹತ್ತೂವರೆಗೆ ರಾಹುಕಾಲ ಶುರು. ಅಜ್ಜ ಇದನ್ನು ನನಗೆ ಮುಂಚೆಯೇ ಕರೆದು ಹೇಳಿದ್ದರು: "ನೋಡಿ ಮೇಷ್ಟ್ರೇ, ಹತ್ತೂವರೆ ಒಳಗೆ ತಾಳಿ ಬಿದ್ರೆ ಸರಿ. ಇಲ್ದಿದ್ರೆ ನಾನು ಎದ್ದು ಬಸ್ಸು ಹತ್ತಿಸ್ತೀನಿ ನಮ್ಮೋರ್ನೆಲ್ಲ. ರಾಹುಕಾಲದಾಗೆ ತಾಳಿ ಕಟ್ಟಿಸ್ಕೊಂಡು ನಮ್ಮನೆ ಹೊಸ್ಲು ಯಾರೂ ತುಳಿದಿಲ್ಲ, ತುಳಿಯಂಗೂ ಇಲ್ಲ." ತಮಾಷೆಗೆ ಹೇಳಿದ್ದಲ್ಲ. ಅವರ ಮುಖದಲ್ಲಿ ತಮಾಷೆಗೆ ಜಾಗವೇ ಇರಲಿಲ್ಲ.

ತೊಂದರೆ ಮೊದಲು ಕಂಡದ್ದು ತೆರೆಯಲ್ಲಿ. ಗಂಡು ಹೆಣ್ಣಿನ ನಡುವೆ ಹಿಡಿಯುವ ಆ ಬಟ್ಟೆಯ ಒಂದು ತುದಿ ಸೋದರಮಾವನಾದ ನನ್ನ ಕೈಯಲ್ಲಿ, ಇನ್ನೊಂದು ತುದಿ ಲೋಕೇಶನ ಚಿಕ್ಕಪ್ಪನ ಕೈಯಲ್ಲಿ. ಅಯ್ಯನವರು ಮಂತ್ರ ಮುಗಿಸಿ ಕೈಸನ್ನೆ ಮಾಡಿದರು. ನಾನು ಚಿಕ್ಕಪ್ಪನನ್ನು ನೋಡಿದೆ, ಚಿಕ್ಕಪ್ಪ ಸಭೆಯನ್ನು ನೋಡಿದರು, ಸಭೆ ಕ್ಯಾಮೆರಾ ಎಲ್ಲಿದೆಯೆಂದು ನೋಡಿತು. ಪ್ರೀತಂ ಸೀಲಿಂಗ್ ಫ್ಯಾನನ್ನು ಚಿತ್ರೀಕರಿಸುತ್ತಿದ್ದ. ತೋಳು ಸೋತು ತೆರೆ ತಾನಾಗಿ ಇಳಿಯಿತು. ಆಮೇಲೆ ಜೀರಿಗೆ ಬೆಲ್ಲ. ಗಂಡು ಹೆಣ್ಣು ಒಬ್ಬರ ತಲೆಯ ಮೇಲೊಬ್ಬರು ಕೈಯೆತ್ತಿ ಹಾಗೆಯೇ ನಿಂತರು. ಬೆಲ್ಲ ಕರಗಿ ಲೋಕೇಶನ ಮೊಣಕೈವರೆಗೆ ಹರಿದು ಬಂದ ಮೇಲೆ, ಇರುವೆಗಳ ಭಯಕ್ಕೋ ಏನೋ, ಇಬ್ಬರೂ ಕೈಬಿಟ್ಟರು. ಅಜ್ಜನ ಅಂಗೈಯಲ್ಲಿ ಗಡಿಯಾರ ಓಡುತ್ತಿತ್ತು.

ತಾಳಿಯ ತಟ್ಟೆ ಹಿರಿಯರ ಕೈಯೆಲ್ಲ ಮುಟ್ಟಿ ಬಂತು. ಲೋಕೇಶ ತಾಳಿಯೆತ್ತಿ ಚೈತ್ರಳ ಕೊರಳ ಸುತ್ತ ತಂದು ದಾರದ ಎರಡು ತುದಿ ಹಿಡಿದ. ಅಯ್ಯನವರು "ಗಟ್ಟಿಮೇಳ! ಗಟ್ಟಿಮೇಳ!" ಎಂದು ಕೂಗಿದರು. ವಾಲಗದವರು ಮೈಮೇಲೆ ಬಂದವರಂತೆ ಬಾರಿಸಿದರು. ಸಭೆಯವರು ಅಕ್ಷತೆ ಎಸೆದರು. ಲೋಕೇಶ ಕೈಯನ್ನು ಅಲ್ಲೇ ಹಿಡಿದು, ಕತ್ತು ಮುಂದಕ್ಕೆ ತಿರುಗಿಸಿ, ಹಲ್ಲು ಕಾಣುವಂತೆ ನಕ್ಕು, ನಿಂತುಬಿಟ್ಟ. ಅವನ ಹಿಂದೆ ಗಿರಿಜಕ್ಕ, ಭಾವ, ಅವನ ತಂದೆ ತಾಯಿ ಎಲ್ಲರೂ ಅದೇ ನಗೆ ನಕ್ಕು ನಿಂತರು. ಎಲ್ಲರೂ ಕಾಯುತ್ತಿದ್ದರು.

ನಾನು ಬಳಿ ಹೋಗಿ, "ಕಟ್ಟಪ್ಪ ಲೋಕೇಶ" ಎಂದೆ. ಅವನು ನಗೆ ಅಲುಗದಂತೆ ಹಲ್ಲಿನ ಸಂದಿಯಲ್ಲೇ, "ಅವ್ರು ಇನ್ನೂ ಹೇಳಿಲ್ವಲ್ಲ ಮಾವ" ಎಂದ. "ಅವರು ಹೇಳಲ್ಲ ಕಣಪ್ಪ, ಇದು ಡಾಕ್ಯುಮೆಂಟರಿ." "ಬೇಡ ಮಾವ. ನಮ್ಮಣ್ಣ ಹಿಂಗೇ ಅವಸ್ರ ಮಾಡಿ ಕಟ್ಬುಟ್ಟ. ಫೋಟೋ ಬಂದಿಲ್ಲ, ಬಿಚ್ಚಿ ಇನ್ನೊಂದ್ಸಲ ಕಟ್ಟಿ ಅಂದ್ರು ಫೋಟೋದೋರು. ಬಿಚ್ಚಕೆ ಹೋಗಿ ತಾತನ ಕೈಲಿ ಎಲ್ರ ಎದುರ್ಗೂ ಒದೆ ತಿಂದ." ಇಷ್ಟು ಹೇಳುವಾಗಲೂ ನಗೆ ಗಟ್ಟಿಯಾಗಿತ್ತು. ಅಯ್ಯನವರ ಕಡೆ ತಿರುಗಿ, "ಐನೋರೇ, ನೀವಾದರೂ ಹೇಳಿ" ಎಂದೆ. "ನನ್ನ ಕೆಲ್ಸ ಮುಗೀತು ಸ್ವಾಮಿ. ಬೇಕಾದ್ರೆ ಮಂತ್ರ ಇನ್ನೊಂದ್ಸಲ ಹೇಳ್ತೀನಿ. ಮುಂದಿಂದು ಕ್ಯಾಮೆರಾದೋರ್ದು" ಎಂದು ಅವರು ಮೊದಲಿಂದ ಶುರುಮಾಡಿದರು. ತಲೆ ತಗ್ಗಿಸಿ ಕೂತಿದ್ದ ಚೈತ್ರ ಮೆಲ್ಲಗೆ, "ಮಾವ, ಎಲ್ಲಾ ನ್ಯಾಚುರಲ್ಲಾಗಿ ಬರ್ತಿದೆ ಅಲ್ವಾ?" ಎಂದು ಕೇಳಿದಳು.

ಪ್ರೀತಂನನ್ನು ಹುಡುಕಿಕೊಂಡು ಓಡಿದೆ. ಅವನು ನಾದಸ್ವರದವರ ಕಾಲಿನ ಹೆಬ್ಬೆರಳ ಮುಂದೆ ಮಲಗಿದ್ದ. "ಏಳಯ್ಯ, ಒಂದೇ ಒಂದು ಮಾತು ಹೇಳು. ಕಟ್ಟಿ ಅನ್ನು ಸಾಕು" ಎಂದು ಅಂಗಲಾಚಿದೆ. "ಸಾರ್, ನಾನು ಹೇಳಿದ್ರೆ ಅದು ನಾನು ಮಾಡ್ಸಿದ್ದಾಗುತ್ತೆ. ಏನು ನಡೆಯುತ್ತೋ ಅದು ನಡೀಲಿ ಸಾರ್." "ಏನೂ ನಡೀತಿಲ್ಲ ಕಣಯ್ಯ!" "ಅದೂ ಸತ್ಯಾನೇ ಸಾರ್" ಎಂದು ಅವನು ಭಾವುಕನಾಗಿ ಹೇಳಿದ, "ತುಂಬ ಸ್ಟ್ರಾಂಗಾಗಿ ಬರ್ತಿದೆ." ಸತ್ಯ ಎಂಬ ಪದವನ್ನು ಅವನಿಗೆ ಜಾವಗಲ್ಲಿನಲ್ಲಿ ಕೊಟ್ಟವನು ನಾನೇ. ಮರಳಿ ಕಿತ್ತುಕೊಳ್ಳಲು ಆಗಲಿಲ್ಲ.

ಅಷ್ಟರಲ್ಲಿ ನಾದಸ್ವರದವರ ಕೆನ್ನೆ ಊದಿ ಕಣ್ಣು ಒಳಹೋಗಿತ್ತು. ಗಟ್ಟಿಮೇಳ ನಿಲ್ಲಿಸಿದರೆ ಅಪಶಕುನ, ನಿಲ್ಲಿಸದಿದ್ದರೆ ಅವರ ಪ್ರಾಣಕ್ಕೇ ಸಂಚಕಾರ. ಮೊದಲ ಹಿಡಿ ಅಕ್ಷತೆ ಎಸೆದು ಮುಗಿಸಿದವರು ಬಗ್ಗಿ ನೆಲದ ಅಕ್ಷತೆಯನ್ನೇ ಬಳಿದುಕೊಳ್ಳುತ್ತಿದ್ದರು. ಹಿಂದಿನ ಸಾಲಿನವರು ಮೊದಲ ಪಂಕ್ತಿಯ ಊಟಕ್ಕೆಂದು ಎದ್ದು ಬಾಗಿಲ ಕಡೆ ಮುಖ ಮಾಡಿ, ತಾಳಿ ಬೀಳದೆ ಹೋಗುವಂತಿಲ್ಲವಲ್ಲ ಎಂದು ಕತ್ತು ಮಾತ್ರ ಮಂಟಪದ ಕಡೆ ತಿರುಗಿಸಿ ನಿಂತಿದ್ದರು. "ಏನ್ಲಾ, ಗಂಡು ಮನಸ್ಸು ಬದ್ಲಾಯ್ಸ್ಬುಟ್ನೇನ್ಲಾ?" ಎಂದು ಯಾರೋ ಒಬ್ಬರು ಕೇಳಿದ್ದು, "ಸಾರು ಆರ್ತೈತೆ, ಏನೋ ಒಂದು ಬೇಗ ಮಾಡ್ಲಿ" ಎಂದು ಇನ್ನೊಬ್ಬರು ಹೇಳಿದ್ದು ನನ್ನ ಕಿವಿಗೆ ಬಿತ್ತು. ಗಿರಿಜಕ್ಕನ ನಗುಮುಖದ ಮೇಲೆ ಕಣ್ಣೀರು ಇಳಿಯುತ್ತಿತ್ತು. ಬಾಯಿ ಅಲುಗಿಸದೆ ನನ್ನ ಕಡೆ ಕಣ್ಣು ತಿರುಗಿಸಿ, "ಮೂರ್ತಿ, ಏನಾದ್ರೂ ಮಾಡೋ. ನನ್ ಮಗಳ ಬಾಳು ಕಣೋ" ಎಂದಳು. ಆ ಮಾತು ಮಾತ್ರ ನನಗೆ ತಮಾಷೆಯಾಗಿ ಕೇಳಲಿಲ್ಲ, ಈಗಲೂ ಕೇಳುವುದಿಲ್ಲ. ಎದುರಿಗೆ ಸಿದ್ದಪ್ಪಜ್ಜ ಕುರ್ಚಿಯ ಕೈ ಹಿಡಿದು ಅರ್ಧ ಎದ್ದಿದ್ದರು. ಎಲ್ಲಿಂದಲೋ ಬಸ್ ಡ್ರೈವರ್‌ಗೆ ಕೂಗು ಹೋಯಿತು.

ನಾನು ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದು ಮಂಟಪದ ಎದುರಿಗೆ ಹಾಕಿ ಅದರ ಮೇಲೆ ಹತ್ತಿ ನಿಂತೆ. ಮೊಬೈಲು ಚೀಲದಲ್ಲಿದೆಯೆಂಬುದನ್ನು ಮರೆತು ಜೇಬಿಗೆ ಕೈಹಾಕಿದೆ. ಸಿಕ್ಕಿದ್ದನ್ನೇ ಎರಡೂ ಕೈಯಲ್ಲಿ ಮುಖದ ಮುಂದೆ ಹಿಡಿದು, ಎಂದೂ ಇಲ್ಲದ ಕಂಠದಲ್ಲಿ ಅರಚಿದೆ: "ಎಲ್ರೂ ಇಲ್ಲಿ ನೋಡಿ! ಅಕ್ಕ, ಸ್ವಲ್ಪ ಎಡಕ್ಕೆ! ಅಜ್ಜ, ತಲೆ ಎತ್ತಿ! ಹುಡುಗ, ಸ್ಮೈಲ್! ರೆಡೀ... ಹೂಂ, ಕಟ್ಟಿ!"

ಇಡೀ ಛತ್ರ ಉಸಿರು ಬಿಟ್ಟಿತು. ಲೋಕೇಶ ಒಂದು ಗಂಟು ಹಾಕಿ ನನ್ನನ್ನೇ ನೋಡಿದ. "ಬಂತಾ ಮಾವ?" "ಬಂತು ಬಂತು, ಎರಡನೇದು!" ಎರಡನೆಯದು ಬಿತ್ತು. "ಹಂಗೇ ಇರಿ! ಹೂಂ, ಮೂರನೇದು!" ಅಕ್ಷತೆ ಮಳೆಯಂತೆ ಬಿತ್ತು. ನಾದಸ್ವರದವರು ವಾದ್ಯ ಕೆಳಗಿಟ್ಟು ಗೋಡೆಗೆ ಒರಗಿದರು. ಕುರ್ಚಿಯಿಂದ ಇಳಿಯುವಾಗ ನೋಡಿದೆ, ನನ್ನ ಕೈಯಲ್ಲಿದ್ದದ್ದು ಕನ್ನಡಕದ ಡಬ್ಬಿ. ಎರಡು ಊರಿನ ಬಂಧುಬಳಗ ಅದಕ್ಕೆ ಮನಸಾರೆ ನಕ್ಕಿತ್ತು. ಯಾರೊಬ್ಬರೂ ಗಮನಿಸಿರಲಿಲ್ಲ.

ಅಲ್ಲಿಂದ ಮುಂದೆ ನನ್ನನ್ನು ಕೇಳದೆ ಒಂದು ಹೆಜ್ಜೆಯೂ ಬೀಳಲಿಲ್ಲ. ಸಪ್ತಪದಿಯಲ್ಲಿ ಒಂದೊಂದು ಹೆಜ್ಜೆಗೂ ಲೋಕೇಶ ತಿರುಗಿ ನೋಡಿದ. ನಡುಹಗಲಲ್ಲಿ ಅರುಂಧತಿ ನಕ್ಷತ್ರ ತೋರಿಸುವಾಗ ಯಾವ ದಿಕ್ಕಿಗೆ ತೋರಿಸಲಿ ಎಂದು ಅಯ್ಯನವರೇ ಕೇಳಿದರು. ಊಟದ ಪಂಕ್ತಿಯಲ್ಲಿ ಪಾಯಸಕ್ಕೆ ಕೈಯಿಟ್ಟ ಹಿರಿಯರೊಬ್ಬರು ನಾನು ತಲೆಯಾಡಿಸುವವರೆಗೆ ಬಾಯಿಗೆ ಒಯ್ಯಲಿಲ್ಲ. ಸಂಜೆ ಹೆಣ್ಣನ್ನು ಕಳಿಸಿಕೊಡುವಾಗ ಗಿರಿಜಕ್ಕ ಮಗಳ ಕೈ ಹಿಡಿದು ನಿಂತವಳು, ತುಟಿ ಕಚ್ಚಿಕೊಂಡು, "ಈಗ ಅಳ್ಬೋದೇನೋ ಮೂರ್ತಿ?" ಎಂದಳು. "ಅಳಕ್ಕ" ಎಂದೆ. ಅತ್ತಳು. ನಾನೂ ಯಾರನ್ನೂ ಕೇಳದೆ ಅತ್ತೆ.

ಕೆಲವು ತಿಂಗಳ ನಂತರ ವಿಡಿಯೋ ಬಂತು. ಗೆಂಡೆಹಳ್ಳಿಯಲ್ಲಿ ಬೀಗರ ಮನೆಯ ಟಿವಿಯ ಮುಂದೆ ಎಲ್ಲರೂ ಕೂತೆವು. ಪಿಟೀಲು ಅಳತೊಡಗಿತು. ಫ್ಯಾನು ತಿರುಗಿತು, ಹೆಬ್ಬೆರಳು ತಾಳ ಹಾಕಿತು, ಯಾರದೋ ಉಪ್ಪಿಟ್ಟು ತೆರೆಯ ತುಂಬ ಬಂತು. ಆಮೇಲೆ ನಾನು ಬಂದೆ. ಬೆವರು ಒರೆಸಿಕೊಳ್ಳುತ್ತೇನೆ, ಓಡುತ್ತೇನೆ, ಕೈಮುಗಿಯುತ್ತೇನೆ, ಮತ್ತೆ ಓಡುತ್ತೇನೆ. ಕೊನೆಗೆ ನನ್ನ ತೆರೆದ ಬಾಯಿ, ಹುಳುಕು ಹಲ್ಲಿನ ಸಮೇತ, ಮೂರು ಗಂಟು ಬೀಳುವಷ್ಟು ಹೊತ್ತು. ತಾಳಿ ಎಲ್ಲೂ ಇಲ್ಲ. ಭಾವ ನನ್ನ ಕಡೆ ನೋಡಲಿಲ್ಲ. ಪ್ರೀತಂಗೆ ಫೋನ್ ಮಾಡಿದರೆ, "ಸಾರ್, ಇಡೀ ಮದುವೇಲಿ ಕ್ಯಾಮೆರಾಗೆ ಪೋಸ್ ಕೊಡದೆ ಇದ್ದೋರು ನೀವೊಬ್ರೇ. ಅದಕ್ಕೆ ನಿಮ್ಮನ್ನೇ ಹಿಡ್ಕೊಂಡೆ" ಎಂದ.

ಇಷ್ಟಕ್ಕೇ ಮುಗಿದಿದ್ದರೆ ನಾನು ಹಲ್ಲಿನ ಡಾಕ್ಟರನ್ನು ಕಂಡು ಸುಮ್ಮನಾಗುತ್ತಿದ್ದೆ. ಆದರೆ ಸಿದ್ದಪ್ಪಜ್ಜ ರಿಮೋಟ್ ಕಸಿದುಕೊಂಡು, "ತಡೀರಿ, ಗಂಟೆ ಎಷ್ಟಾಗಿತ್ತು?" ಎಂದರು. ಆಗಲೇ ಎಲ್ಲರಿಗೂ ಹೊಳೆದದ್ದು, ತಾಳಿ ಬಿದ್ದ ಕ್ಷಣದಲ್ಲಿ ಅಜ್ಜನೂ ಸೇರಿ ಎಲ್ಲರೂ ತಲೆಯೆತ್ತಿ ಕನ್ನಡಕದ ಡಬ್ಬಿಗೆ ನಗುತ್ತಿದ್ದರು. ಆಗಲೂ, ಆಮೇಲಿನ ಗಲಾಟೆಯಲ್ಲೂ ಗಡಿಯಾರ ಯಾರೂ ನೋಡಿರಲಿಲ್ಲ. ಮೊಬೈಲುಗಳು ಚೀಲದಲ್ಲಿದ್ದವು. ಪ್ರೀತಂನ ಕ್ಯಾಮೆರಾದಲ್ಲಿ ಸಮಯವನ್ನೇ ಸರಿಮಾಡಿಟ್ಟಿರಲಿಲ್ಲ. ಮತ್ತೆ ಫೋನ್ ಮಾಡಿ ಕೇಳಿದರೆ, "ಟೈಮ್ ಅನ್ನೋದು ಎಡಿಟಿಂಗಲ್ಲಿ ಹುಟ್ಟೋದು ಸಾರ್" ಎಂದ. ಆದರೆ ಚಿತ್ರದಲ್ಲಿ ನನ್ನ ತಲೆಯ ಹಿಂದೆ, ಛತ್ರದ ಬಾಗಿಲ ಮೇಲೆ ಒಂದು ದೊಡ್ಡ ಗೋಡೆ ಗಡಿಯಾರವಿತ್ತು. ಅಜ್ಜ ಟಿವಿಗೆ ಮೂಗು ತಾಗಿಸಿದರು. ಚಿಕ್ಕ ಮುಳ್ಳು ಹತ್ತು ಹನ್ನೊಂದರ ನಡುವೆ ಸ್ಪಷ್ಟವಾಗಿ ಕಾಣುತ್ತಿತ್ತು. ದೊಡ್ಡ ಮುಳ್ಳು ಆರರ ಆಚೆಗಿತ್ತೋ ಈಚೆಗಿತ್ತೋ, ಅದನ್ನು ನನ್ನ ಬಲಗಿವಿ ಪೂರ್ತಿ ಮುಚ್ಚಿಬಿಟ್ಟಿತ್ತು.

"ಹತ್ತೂವರೆಗೆ ಮುಂಚೇನೇ ಅಜ್ಜ, ನನಗೆ ಚೆನ್ನಾಗಿ ನೆನಪಿದೆ" ಎಂದು ಆಣೆ ಮಾಡಿದಷ್ಟು ಗಟ್ಟಿಯಾಗಿ ಹೇಳಿದೆ. ಚೈತ್ರ ಆ ಮನೆಯ ಹೊಸ್ತಿಲು ತುಳಿದು ಆಗಲೇ ತಿಂಗಳುಗಳಾಗಿದ್ದವು. ಅಜ್ಜನಿಗೆ ಅವಳ ಕೈಯ ಕಾಫಿಯಿಲ್ಲದೆ ಬೆಳಗಾಗುತ್ತಿರಲಿಲ್ಲ. ಅವರು ನನ್ನ ಕಿವಿಯನ್ನೊಮ್ಮೆ ಟಿವಿಯನ್ನೊಮ್ಮೆ ನೋಡಿ, "ಓದಿದೋರು ಹೇಳ್ತಾವ್ರೆ, ಇರ್ಬೋದು" ಎಂದು ರಿಮೋಟ್ ಕೆಳಗಿಟ್ಟರು. ಚೈತ್ರ ಎಲ್ಲರಿಗೂ ಕಾಫಿ ತಂದಳು.

ಆದರೆ ನನಗೆ ನಿಜವಾಗಿ ಏನೂ ನೆನಪಿಲ್ಲ. ಅದಕ್ಕೇ ಮನೆಯಲ್ಲಿ ಯಾರೂ ಇಲ್ಲದಾಗ ಆ ವಿಡಿಯೋ ಹಾಕಿಕೊಂಡು, ಅದೇ ಜಾಗಕ್ಕೆ ತಂದು ನಿಲ್ಲಿಸುತ್ತೇನೆ, ಮತ್ತೆ ಓಡಿಸುತ್ತೇನೆ. "ತಲೆ ಸ್ವಲ್ಪ ಆ ಕಡೆ ತಿರುಗಿಸಪ್ಪ, ಒಂದೇ ಒಂದು ಬೆರಳಷ್ಟು" ಎಂದು ಕುರ್ಚಿಯ ಮೇಲಿನ ಮನುಷ್ಯನಿಗೆ ಹೇಳುತ್ತೇನೆ. ಅವನು ಕೇಳುವುದಿಲ್ಲ. ಎದುರಿಗೆ ಕ್ಯಾಮೆರಾ ಇದೆಯೆಂಬುದೇ ಅವನಿಗೆ ಗೊತ್ತಿಲ್ಲ.